ಹಿಂದಿನ ಆಕ್ಸಲ್ ಕೂಗುತ್ತಿದೆಯಾ? ಹಳೇ ಮಸ್ಟಾಂಗ್‌ಗೆ ಕಡಿಮೆ ದುಡ್ಡಿನ ಬದಲಿ ಆಕ್ಸಲ್ ತರುವ ಮುಂಚೆ ಇಷ್ಟು ನೋಡಿ

ಹಿಂದಿನಿಂದ ಒಂದು ಗುಂಯ್ ಶಬ್ದ ಶುರುವಾದ ಕೂಡಲೇ ಆಕ್ಸಲ್ ಹೋಯಿತು ಅಂತ ತೀರ್ಮಾನ ಮಾಡಿ, ಅದೇ ರಾತ್ರಿ ಗುಜರಿಗಳಲ್ಲಿ ಏನು ಸಿಗುತ್ತೆ ಅಂತ ಹುಡುಕುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. ಹಿಂದಿನಿಂದ ಬರುವ ಶಬ್ದವೆಲ್ಲ ಆಕ್ಸಲ್‌ನದ್ದಲ್ಲ. ಆಕ್ಸಲ್‌ನದ್ದೇ ಆದರೂ ಪೂರ್ತಿ ಬದಲಾಯಿಸಲೇಬೇಕು ಅಂತೇನಿಲ್ಲ.

ಇಲ್ಲಿ ಹೇಳುತ್ತಿರುವುದು 1979ರಿಂದ 1993ರವರೆಗಿನ ಫೋರ್ಡ್‌ನ ಫಾಕ್ಸ್ ಬಾಡಿ (ಗಾಡಿಯ ಅಡಿಗಟ್ಟಿಗೆ ಫೋರ್ಡ್ ಇಟ್ಟ ಹೆಸರು) ಮಸ್ಟಾಂಗ್ ಬಗ್ಗೆ, ಅದರಲ್ಲೂ 5.0 ಲೀಟರ್ ವಿ8 ಇರುವ ಗಾಡಿ ಬಗ್ಗೆ. ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮವರಲ್ಲಿ ವಾರಾಂತ್ಯಕ್ಕೆ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವ ಆಸೆ ಇರುವವರು ಈ ಗಾಡಿ ಕೊಳ್ಳುವುದುಂಟು. ಗಾಡಿ ಸರಳ, ಪಾರ್ಟ್ಸ್ ಸಿಗುತ್ತೆ, ಹಿಂದೆ ಗಟ್ಟಿ ಆಕ್ಸಲ್. ಊರಲ್ಲಿ ಬೊಲೆರೊ ಇಟ್ಟುಕೊಂಡಿರುವವರಿಗೂ ಶಬ್ದ ಹುಡುಕುವ ಭಾಗ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತೆ. ಯಾವ ಆಕ್ಸಲ್ ತರಬೇಕು ಅನ್ನುವ ಭಾಗ ಮಾತ್ರ ಮಸ್ಟಾಂಗ್‌ನದ್ದೇ.

ಮೊದಲು ಕಿವಿ, ಆಮೇಲೆ ಪಾನಾ

ಖಾಲಿ ರಸ್ತೆಗೆ ಹೋಗಿ. ರೇಡಿಯೋ ಬಂದ್, ಕಿಟಕಿ ಮೇಲೆ. ಒಂದೇ ವೇಗದಲ್ಲಿ ಮೂರು ರೀತಿ ಓಡಿಸಿ: ಆಕ್ಸಿಲರೇಟರ್ ಒತ್ತಿ ಎಳೆಸುತ್ತಾ, ಪೂರ್ತಿ ಕಾಲು ತೆಗೆದು ಇಂಜಿನ್ ಹಿಡಿಯುವಂತೆ ಬಿಟ್ಟು, ಆಮೇಲೆ ಎಳೆಯದೆ ಹಿಡಿಯದೆ ತೇಲಿಸಿಕೊಂಡು. ಎಳೆಯುವಾಗ ಕೂಗಿ, ಕಾಲು ತೆಗೆದ ತಕ್ಷಣ ಕೂಗು ನಿಂತರೆ ಅಥವಾ ಸ್ವರ ಬದಲಾದರೆ, ಅದು ಡಿಫರೆನ್ಶಿಯಲ್ ಒಳಗಿನ ದೊಡ್ಡ ಹಲ್ಲಿನ ಚಕ್ರ (ಕ್ರೌನ್ ವೀಲ್) ಮತ್ತು ಅದನ್ನು ತಿರುಗಿಸುವ ಸಣ್ಣ ಗೇರ್ (ಪಿನಿಯನ್), ಇವುಗಳ ಹಲ್ಲಿನದ್ದು. ಕಾಲು ತೆಗೆದಾಗ ಮಾತ್ರ ಕೂಗಿದರೂ ಅನುಮಾನ ಅಲ್ಲೇ, ಹಲ್ಲು ಅಥವಾ ಪಿನಿಯನ್ ಬೇರಿಂಗ್. ಕಾಲು ಇಟ್ಟರೂ ತೆಗೆದರೂ ಒಂದೇ ಥರ ಗುರ್ರ್ ಅನ್ನುತ್ತಾ ವೇಗಕ್ಕೆ ತಕ್ಕಂತೆ ಏರಿಳಿದರೆ ಅದು ಬೇರಿಂಗ್ ಅಥವಾ ಟೈರ್.

ಗಂಟೆಗೆ 60 ಮೈಲಿಯಲ್ಲಿ ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಐಡಲ್‌ಗೆ ಬಿಡಿ. ಶಬ್ದ ಹಾಗೇ ಇದ್ದರೆ ಇಂಜಿನ್ ಪಾರಾಯಿತು. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ಶಬ್ದದ ಬಣ್ಣವೇ ಬದಲಾದರೆ ಟೈರ್ ನೋಡಿ, ಹಿಂದಿನ ಜೋಡಿ ಮುಂದಕ್ಕೆ ಹಾಕಿ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು, ಆದರೂ ಇದನ್ನು ಮಾಡದೆ ಆಕ್ಸಲ್ ಬಿಚ್ಚುವವರಿದ್ದಾರೆ.

ಈಗ ಮೆಲ್ಲಗೆ ಎಡಕ್ಕೆ ಬಲಕ್ಕೆ ಹಾವಿನಂತೆ ಓಡಿಸಿ. ಗಾಡಿ ಬಲಕ್ಕೆ ತಿರುಗಿದಾಗ ಭಾರ ಎಡಗಡೆಗೆ ಹೋಗುತ್ತೆ. ಆಗ ಶಬ್ದ ಜಾಸ್ತಿಯಾದರೆ ಎಡ ಚಕ್ರದ ಬೇರಿಂಗ್, ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಬಲಗಡೆಯದ್ದು. ಪಿನಿಯನ್ ಬೇರಿಂಗ್‌ನ ಸ್ವರ ಚಕ್ರದ ಬೇರಿಂಗ್‌ಗಿಂತ ಸಣ್ಣದು, ಚೂಪು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ ಮೂರು ಸುತ್ತಿನ ಆಸುಪಾಸು ತಿರುಗಿರುತ್ತೆ, ಅದಕ್ಕೇ.

ಪಾರ್ಕಿಂಗ್‌ನಲ್ಲಿ ನಿಧಾನವಾಗಿ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಗಡಗಡ ನಡುಗಿದರೆ ಹೆದರಬೇಡಿ. ಟ್ರ್ಯಾಕ್ಷನ್-ಲಾಕ್ ಅಂದರೆ ಫೋರ್ಡ್‌ನ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ಎರಡಕ್ಕೂ ಬಲ ಹಂಚುವ ವ್ಯವಸ್ಥೆ), ಅದರೊಳಗೆ ಕ್ಲಚ್ ಪ್ಲೇಟ್‌ಗಳಿವೆ. ಯಾರೋ ಎಣ್ಣೆ ಬದಲಾಯಿಸಿ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್‌ಗಳು ನುಣ್ಣಗೆ ಜಾರಲು ಎಣ್ಣೆಗೆ ಬೆರೆಸುವ ದ್ರವ) ಹಾಕದೆ ಬಿಟ್ಟಿರುತ್ತಾರೆ. ನಾಲ್ಕು ಔನ್ಸ್‌ನ ಒಂದು ಸಣ್ಣ ಬಾಟಲಿ ಹಾಕಿ, ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಒಂದಿಷ್ಟು ಸುತ್ತು ಹೊಡೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಮುಗಿಯುತ್ತೆ.

ಢಕ್ ಅನ್ನುವುದು ಬೇರೆ ಕಥೆ

ಗೇರ್ ಹಾಕಿದಾಗ, ಕಾಲು ಒತ್ತಿ ಬಿಟ್ಟಾಗ ಢಕ್ ಅಂದರೆ ಎಲ್ಲರೂ ಡಿಫರೆನ್ಶಿಯಲ್ ಮೇಲೇ ಅಪವಾದ ಹೊರಿಸುತ್ತಾರೆ. ಈ ಗಾಡಿಯಲ್ಲಿ ಅದು ಕೊನೆಗೆ ನೋಡಬೇಕಾದ ಜಾಗ. ಮೊದಲು ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ನೋಡಿ: ಕ್ಯಾಪ್ ಸುತ್ತ ತುಕ್ಕಿನ ಪುಡಿ ಇದ್ದರೆ ಅಲ್ಲಿಗೇ ಉತ್ತರ ಸಿಕ್ಕಿತು. ಆಮೇಲೆ ಆಕ್ಸಲನ್ನು ಬಾಡಿಗೆ ಹಿಡಿದಿಡುವ ತೋಳುಗಳಲ್ಲಿ ಮೇಲಿನವು, ಅಂದರೆ ಮೇಲಿನ ಕಂಟ್ರೋಲ್ ಆರ್ಮ್ ಬುಶ್‌ಗಳು. ಆಕ್ಸಲ್ ಹೌಸಿಂಗ್‌ನ ಮೇಲೆ ಎರಡು ಕಿವಿಗಳಿವೆ, ಬುಶ್ ಅದರೊಳಗೇ ಕೂತಿರುತ್ತೆ. ಮೂವತ್ತು ವರ್ಷದ ರಬ್ಬರ್ ಇನ್ನೇನಾಗಿರುತ್ತೆ ಹೇಳಿ.

ಅದಕ್ಕಿಂತ ಮುಖ್ಯ ಟಾರ್ಕ್ ಬಾಕ್ಸ್. ಕಂಟ್ರೋಲ್ ಆರ್ಮ್‌ಗಳು ಬಾಡಿಗೆ ಬಂದು ಸೇರುವ ತಗಡಿನ ಪೆಟ್ಟಿಗೆ ಅದು. ಫಾಕ್ಸ್ ಮಸ್ಟಾಂಗ್‌ನಲ್ಲಿ ಜೋರಾಗಿ ಎಳೆಸಿ ಎಳೆಸಿ ಇಲ್ಲಿನ ಸ್ಪಾಟ್ ವೆಲ್ಡ್ ಬಿಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಬಣ್ಣ ಸಿಗಿದ ಗೆರೆ, ಗೆರೆಯಿಂದ ಇಳಿದ ತುಕ್ಕಿನ ನೀರು, ತಗಡು ಎದ್ದ ಹಾಗೆ ಕಂಡರೆ ನಿಮಗೆ ಬೇಕಾಗಿರುವುದು ವೆಲ್ಡರ್, ಆಕ್ಸಲ್ ಅಲ್ಲ. ಈ ಬಾಡಿಗೆ ಎಷ್ಟೇ ಒಳ್ಳೆ ಆಕ್ಸಲ್ ಹಾಕಿದರೂ ಢಕ್ ಅನ್ನುವುದು ನಿಲ್ಲಲ್ಲ. ಸೈಲೆನ್ಸರ್ ಪೈಪು ಆಕ್ಸಲ್ ಟ್ಯೂಬಿಗೆ ತಾಗುತ್ತಿದೆಯಾ ಅಂತಲೂ ಒಮ್ಮೆ ನೋಡಿಬಿಡಿ. ತಾಗಿದ ಜಾಗ ಉಜ್ಜಿ ಹೊಳೆಯುತ್ತಿರುತ್ತೆ.

ಕೆಳಗೆ ಹೋಗುವಾಗ ಸ್ಟ್ಯಾಂಡ್‌ಗಳನ್ನು ಆಕ್ಸಲ್ ಟ್ಯೂಬ್ ಕೆಳಗೇ ಇಡಿ. ಬಾಡಿ ಕೆಳಗಿಟ್ಟರೆ ಆಕ್ಸಲ್ ನೇತಾಡುತ್ತೆ, ಕ್ರಾಸ್‌ಗಳ ಕೋನ ಬದಲಾಗಿ ಇಲ್ಲದ ಶಬ್ದವೂ ಕೇಳುತ್ತೆ. ಇನ್ನೊಂದು ಎಚ್ಚರಿಕೆ: ಲಿಮಿಟೆಡ್ ಸ್ಲಿಪ್ ಇರುವ ಗಾಡಿಯ ಒಂದೇ ಚಕ್ರ ಎತ್ತಿ ಗೇರ್‌ಗೆ ಹಾಕಬೇಡಿ. ನೆಲದ ಮೇಲಿರುವ ಚಕ್ರ ಗಾಡಿಯನ್ನು ಜಾಕ್‌ನಿಂದ ಎಳೆದುಕೊಂಡು ಹೋಗುತ್ತೆ.

ಹ್ಯಾಂಡ್ ಬ್ರೇಕ್ ಹಾಕಿ, ಪಿನಿಯನ್ ಫ್ಲ್ಯಾಂಜ್ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಪ್ಲೇ ಇರುವುದು ಸಹಜ. ಒಳಗಿನ ಸಣ್ಣ ಗೇರ್‌ಗಳು, ಸ್ಪ್ಲೈನ್‌ಗಳು ಎಲ್ಲದರ ಸಡಿಲವೂ ಸೇರಿ ಅಲ್ಲಿ ಕಾಣಿಸುತ್ತೆ. ಆದರೆ ಮೇಲೆ ಕೆಳಗೆ ಅಥವಾ ಒಳಗೆ ಹೊರಗೆ ಅಲ್ಲಾಡಿದರೆ ಪಿನಿಯನ್ ಬೇರಿಂಗ್ ಮುಗಿದಿದೆ.

ಪಿನಿಯನ್ ಸೀಲ್ ಬದಲಾಯಿಸಿದ ಮೇಲೆ ಕೂಗು ಶುರುವಾಯಿತು ಅಂತ ಹೇಳುವವರು ಬಹಳ. ಕಾರಣ ಸರಳ. ಪಿನಿಯನ್ ನಟ್ ಹಿಂದೆ ಒಂದು ಕ್ರಷ್ ಸ್ಲೀವ್ ಇದೆ, ನಟ್ ಬಿಗಿದಂತೆ ಅದು ಕುಗ್ಗುತ್ತೆ, ಕುಗ್ಗಿದ್ದು ವಾಪಸ್ ಬರಲ್ಲ. ಇಂಪ್ಯಾಕ್ಟ್ ಗನ್ ಹಿಡಿದು ಡರ್ರ್ ಅನ್ನಿಸಿದರೆ ಬೇರಿಂಗ್ ಮೇಲೆ ಒತ್ತಡ ಮಿತಿ ಮೀರುತ್ತೆ. 8.8 ಇಂಚಿನ (ಕ್ರೌನ್ ವೀಲ್‌ನ ವ್ಯಾಸದ ಅಳತೆ) ಆಕ್ಸಲ್‌ನಲ್ಲಿ ಹಳೆಯ ಬೇರಿಂಗ್‌ಗೆ ಪಿನಿಯನ್ ತಿರುಗಿಸಲು 8ರಿಂದ 14 ಇಂಚು-ಪೌಂಡ್ ಬಲ ಸಾಕು, ಹೊಸ ಬೇರಿಂಗ್‌ಗೆ 16ರಿಂದ 29. ಇದನ್ನು ಅಳೆಯುವ ಸಣ್ಣ ಟಾರ್ಕ್ ವ್ರೆಂಚ್ ಇಲ್ಲದ ಕೈ ಪಿನಿಯನ್ ನಟ್ ಮುಟ್ಟಬಾರದು.

ಕವರ್ ಬಿಚ್ಚಿದ ಮೇಲೆ

ಕೆಳಗೆ ಅಗಲವಾದ ಟ್ರೇ ಇಟ್ಟು ಡಿಫರೆನ್ಶಿಯಲ್ ಕವರ್‌ನ ಹತ್ತು ಬೋಲ್ಟ್ ಸಡಿಲಿಸಿ, ಎಣ್ಣೆ ಇಳಿಯಲು ಬಿಡಿ. ಎಣ್ಣೆಯನ್ನು ಚೆಲ್ಲುವ ಮುಂಚೆ ಬೆರಳಿಗೆ ಹಚ್ಚಿ ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ವಯಸ್ಸು, ಕಾಯಿಲೆಯಲ್ಲ. ಮಿಣಮಿಣ ಹೊಳೆಯುವ ಪುಡಿ ಇದ್ದರೆ ಬೇರಿಂಗ್ ಸವೆಯುತ್ತಿದೆ. ಉಗುರಿಗೆ ಸಿಗುವಂಥ ಚೂರು ಸಿಕ್ಕರೆ ಯಾವುದೋ ಹಲ್ಲು ಮುರಿದಿದೆ. ಕ್ರೌನ್ ವೀಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಒಂದೊಂದೇ ಹಲ್ಲು ನೋಡಿ.

ಡಯಲ್ ಗೇಜ್ ಇದ್ದರೆ ಕ್ರೌನ್ ವೀಲ್ ಹಲ್ಲಿನ ಮೇಲೆ ಇಟ್ಟು ಪ್ಲೇ ಅಳೆಯಿರಿ. 8.8ಗೆ 0.008ರಿಂದ 0.015 ಇಂಚಿನೊಳಗೆ ಇರಬೇಕು. ಒಂದೇ ಕಡೆ ಅಳೆದು ಸುಮ್ಮನಾಗಬೇಡಿ, ಸುತ್ತ ಮೂರು ನಾಲ್ಕು ಕಡೆ ನೋಡಿ.

ಚಕ್ರದ ಬೇರಿಂಗ್ ಮೇಲೆ ಅನುಮಾನ ಇದ್ದರೆ ಶಾಫ್ಟ್ ಹೊರಗೆ ಬರಬೇಕು. ಈ ಆಕ್ಸಲ್‌ನಲ್ಲಿ ಶಾಫ್ಟ್ ಹಿಡಿದಿರುವುದು ಒಳತುದಿಯ ಸಿ-ಕ್ಲಿಪ್. ಕ್ಲಿಪ್ ತೆಗೆಯಲು ಕ್ರಾಸ್ ಪಿನ್ ತೆಗೆಯಬೇಕು, ಕ್ರಾಸ್ ಪಿನ್ ತೆಗೆಯಲು ಅದನ್ನು ಹಿಡಿದಿರುವ ಸಣ್ಣ ಬೋಲ್ಟ್ ಬಿಚ್ಚಬೇಕು. ಆ ಬೋಲ್ಟ್ ಇದೆಯಲ್ಲ, ಅದರ ತಲೆ ಕಿತ್ತುಕೊಂಡು ಬರುವುದು ಮಾಮೂಲು. ಆರು ಮೂಲೆಯ ಸಾಕೆಟ್ಟೇ ಹಾಕಿ, ಹನ್ನೆರಡು ಮೂಲೆಯದ್ದು ಬೇಡ. ಸ್ವಲ್ಪ ಬಿಸಿ ಮಾಡಿ, ಹಿಂದೆ ಮುಂದೆ ಮಾಡುತ್ತಾ ಬಿಚ್ಚಿ. ಪಿನ್ ಹೊರಗೆ ಬಂದ ಮೇಲೆ ಶಾಫ್ಟ್ ತಿರುಗಿಸಬೇಡಿ, ಒಳಗಿನ ಸಣ್ಣ ಗೇರ್‌ಗಳು ಉರುಳಿ ಕೈಗೆ ಬರುತ್ತವೆ. ಮತ್ತೆ ಜೋಡಿಸುವಾಗ ಬೋಲ್ಟ್ ಹೊಸದು, ಎಳೆಗೆ ಅಂಟು ಹಚ್ಚಿ.

ಶಾಫ್ಟ್ ಕೈಗೆ ಬಂತಾ? ಬೇರಿಂಗ್ ಓಡುವ ಜಾಗ ಒರೆಸಿ ಉಗುರು ಎಳೆಯಿರಿ. ಇದರಲ್ಲಿ ಬೇರಿಂಗ್‌ಗೆ ಒಳಗಿನ ರಿಂಗ್ ಇಲ್ಲ, ರೋಲರ್‌ಗಳು ನೇರವಾಗಿ ಶಾಫ್ಟ್ ಮೇಲೇ ಓಡುತ್ತವೆ. ಹಾಗಾಗಿ ಬೇರಿಂಗ್ ಕೆಟ್ಟರೆ ಶಾಫ್ಟ್‌ನಲ್ಲೂ ಗಾಲಿ ಜಾಡಿನಂಥ ಗುಂಡಿ ಬೀಳುತ್ತೆ. ಉಗುರು ಸಿಕ್ಕಿಕೊಂಡರೆ ಬರೀ ಬೇರಿಂಗ್ ಬದಲಾಯಿಸಿ ಉಪಯೋಗವಿಲ್ಲ. ಒಂದೋ ಶಾಫ್ಟ್ ಬದಲಿ, ಇಲ್ಲ ರಿಪೇರಿ ಬೇರಿಂಗ್ ಅಂತ ಬರುತ್ತೆ, ರೋಲರ್‌ಗಳು ಶಾಫ್ಟ್‌ನ ಸವೆಯದ ಜಾಗದಲ್ಲಿ ಓಡುವಂತೆ ಮಾಡಿರುತ್ತಾರೆ. ದಿನಾ ಓಡಿಸುವ ಗಾಡಿಗೆ ಅದು ಸಾಕು, ಡ್ರ್ಯಾಗ್ ಓಡಿಸುವವರಿಗೆ ನಾನು ಹೇಳಲ್ಲ.

ಎರಡೂ ಕಡೆ ಸೀಲ್ ಪದೇ ಪದೇ ಸೋರುತ್ತಿದ್ದರೆ ಟ್ಯೂಬ್ ಮೇಲಿನ ಗಾಳಿ ಪೈಪು ಕಟ್ಟಿದೆಯಾ ನೋಡಿ. ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲ್‌ನಿಂದ ತಳ್ಳುತ್ತಿರುತ್ತೆ. ಒಂದೇ ಕಡೆ ಸೋರುತ್ತಾ, ಅದೇ ಕಡೆಯ ಟೈರ್ ಒಳಅಂಚು ಸವೆಯುತ್ತಿದ್ದರೆ ಟ್ಯೂಬ್ ಬಾಗಿದೆ.

ಹಾಗಾದರೆ ಬದಲಿ ಆಕ್ಸಲ್ ಯಾವಾಗ

ಬೇರಿಂಗ್, ಸೀಲ್, ಕ್ಲಚ್ ಪ್ಲೇಟ್, ಬುಶ್ ಇವೆಲ್ಲ ರಿಪೇರಿ. ಟ್ಯೂಬ್ ಬಾಗಿದ್ದರೆ, ನಡುವಿನ ಎರಕದೊಳಗೆ ಟ್ಯೂಬ್ ತಿರುಗಿಬಿಟ್ಟಿದ್ದರೆ, ಹಲ್ಲು ಮುರಿದು ಚೂರು ಎಲ್ಲ ಬೇರಿಂಗ್‌ಗೂ ಹೋಗಿದ್ದರೆ ಬದಲಿ. ಇನ್ನೊಂದು ಕಾರಣವೂ ಇದೆ: ನಿಮ್ಮ ಗಾಡಿಯ ಕೆಳಗೆ ಇರುವುದು 7.5 ಇಂಚಿನ ಆಕ್ಸಲ್ ಆಗಿದ್ದರೆ. 1985ರವರೆಗೆ ವಿ8ಗೂ ಅದೇ ಬರುತ್ತಿತ್ತು, 1986ರಿಂದ ವಿ8ಗೆ 8.8 ಬಂತು. ನಾಲ್ಕು ಸಿಲಿಂಡರ್ ಗಾಡಿಗೆ ಕೊನೆವರೆಗೂ 7.5. ನಾಲ್ಕು ಸಿಲಿಂಡರ್ ಗಾಡಿ ಕೊಂಡು ವಿ8 ಕೂರಿಸಿದವರು 7.5ಗೆ ದುಡ್ಡು ಸುರಿಯಬೇಡಿ.

ಹಲ್ಲು ಹೋಗಿ ಹೌಸಿಂಗ್ ಚೆನ್ನಾಗಿದ್ದರೆ ಹೊಸ ಕ್ರೌನ್-ಪಿನಿಯನ್ ಹಾಕಿಸಬಹುದಲ್ವಾ ಅಂತ ಕೇಳಬಹುದು. ಹಾಕಿಸಬಹುದು. ಆದರೆ ಬೇರಿಂಗ್ ಸೆಟ್, ಶಿಮ್, ಕೆಲಸ ಬಲ್ಲವರ ಕೂಲಿ ಎಲ್ಲ ಸೇರಿದರೆ ಗುಜರಿಯ ಇಡೀ ಆಕ್ಸಲ್ ಅದಕ್ಕಿಂತ ಅಗ್ಗಕ್ಕೆ ಸಿಗುವುದುಂಟು. ನನ್ನ ಅಭಿಪ್ರಾಯ ಸ್ಪಷ್ಟ: ಕಡಿಮೆ ದುಡ್ಡಿಗೆ ಸಿಗುವ ಒಳ್ಳೆ ಆಕ್ಸಲ್ ಅಂದರೆ ಕಾರ್ಖಾನೆ ಬಿಟ್ಟ ಮೇಲೆ ಯಾರೂ ಒಳಗೆ ಕೈ ಹಾಕದ ಆಕ್ಸಲ್. "ಹೊಸದಾಗಿ ರೀಬಿಲ್ಡ್ ಮಾಡಿದ್ದು, 3.73 ಗೇರ್" (ಚಕ್ರದ ಒಂದು ಸುತ್ತಿಗೆ ಪಿನಿಯನ್ 3.73 ಸುತ್ತು) ಅಂತ ಮಾರುವವರು ಹಲ್ಲು ಕೂತ ಗುರುತಿನ ಫೋಟೋ ತೋರಿಸದಿದ್ದರೆ ಮುಂದಕ್ಕೆ ಹೋಗಿ.

ಯಾವುದು ತರಬೇಕು

ಸರಳವಾಗಿ ಹೇಳಬೇಕೆಂದರೆ 1986-93ರ ವಿ8 ಮಸ್ಟಾಂಗ್‌ನದ್ದೇ ತನ್ನಿ. ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕಿದರೆ ಆಯಿತು. ಚಕ್ರ, ಬ್ರೇಕ್, ಕಂಟ್ರೋಲ್ ಆರ್ಮ್ ಎಲ್ಲ ಅದೇ ಅಳತೆ. 28 ಸ್ಪ್ಲೈನ್ (ಶಾಫ್ಟ್ ತುದಿಯ ಸಣ್ಣ ಹಲ್ಲುಗಳು) ಶಾಫ್ಟ್, ಡ್ರಮ್ ಬ್ರೇಕ್, ನಾಲ್ಕು ನಟ್ ಚಕ್ರ. 7.5ರಿಂದ 8.8ಗೆ ಬರುವವರು ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಮತ್ತು ಫ್ಲ್ಯಾಂಜ್ ಹೊಂದುತ್ತಾ ನೋಡಬೇಕು, ಆಕ್ಸಲ್ ಜೊತೆಗೇ ಆ ಗಾಡಿಯ ಶಾಫ್ಟ್ ಎತ್ತಿಕೊಂಡು ಬಂದರೆ ತಲೆನೋವಿಲ್ಲ.

ಡಿಸ್ಕ್ ಬ್ರೇಕ್ ಬೇಕು ಅನ್ನುವವರ ಕಣ್ಣು 1994-98ರ ಮಸ್ಟಾಂಗ್ ಜಿಟಿ ಆಕ್ಸಲ್ ಮೇಲೆ. ಅದೂ ಸೇರುತ್ತೆ, ಆದರೆ ಪ್ರತಿ ಕಡೆ ಮುಕ್ಕಾಲು ಇಂಚು ಅಗಲ. 1999-2004ರದ್ದು ಇನ್ನೂ ಅಗಲ, ಫಾಕ್ಸ್‌ಗಿಂತ ಪ್ರತಿ ಕಡೆ ಒಂದೂವರೆ ಇಂಚಿನಷ್ಟು. ಚಕ್ರದ ಆಫ್‌ಸೆಟ್ ಸರಿಯಾಗಿ ಆರಿಸದಿದ್ದರೆ ಟೈರ್ ಮಡ್‌ಗಾರ್ಡ್ ಕೆರೆಯುತ್ತೆ. ಇವು ಐದು ನಟ್, ಹಾಗಾಗಿ ಮುಂದಿನದ್ದೂ ಐದು ನಟ್‌ಗೆ ಬದಲಾಗಬೇಕು, ಇಲ್ಲದಿದ್ದರೆ ಎರಡು ಸ್ಟೆಪ್ನಿ ಹೊತ್ತು ತಿರುಗಬೇಕು. ಜೊತೆಗೆ ಮಾಸ್ಟರ್ ಸಿಲಿಂಡರ್, ಪ್ರೊಪೋರ್ಷನಿಂಗ್ ವಾಲ್ವ್ (ಮುಂದೆ ಹಿಂದೆ ಬ್ರೇಕ್ ಒತ್ತಡ ಹಂಚುವ ವಾಲ್ವ್), ಹ್ಯಾಂಡ್ ಬ್ರೇಕ್ ಕೇಬಲ್. ಆಕ್ಸಲ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟವರು ಈ ಪಟ್ಟಿಯ ಮುಂದೆ ಸುಸ್ತಾಗುತ್ತಾರೆ. ಈ ವರ್ಷಗಳ ವಿ6 ಗಾಡಿಯ ಕೆಳಗೆ ನೋಡಿ ಮೋಸ ಹೋಗಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರುವುದು 7.5.

ಫೋರ್ಡ್‌ನ ಎಸ್‌ಯುವಿ ಎಕ್ಸ್‌ಪ್ಲೋರರ್‌ನ ಆಕ್ಸಲ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಹೊಗಳಿಕೆ ಸುಳ್ಳಲ್ಲ: 8.8 ಇಂಚು, 31 ಸ್ಪ್ಲೈನ್, 1995ರಿಂದ ಡಿಸ್ಕ್ ಬ್ರೇಕ್, ಐದು ನಟ್, ಗುಜರಿಯಲ್ಲಿ ಬೇಕಾದಷ್ಟು. ಆದರೆ ಅದು ಕಮಾನ್ ಪಟ್ಟಿಯ ಮೇಲೆ ಕೂರುವ ಆಕ್ಸಲ್. ಫಾಕ್ಸ್‌ಗೆ ಬೇಕಾದ ಮೇಲಿನ ಎರಡು ಕಿವಿ ಅದಕ್ಕಿಲ್ಲ. ಪಿನಿಯನ್ ಕೂಡ ನಡುವೆ ಇಲ್ಲ, ಬಲಕ್ಕೆ ಸರಿದಿದೆ. 1965-66ರ ಹಳೇ ಮಸ್ಟಾಂಗ್‌ಗೆ ಇದೇ ಆಕ್ಸಲ್ ಹೇಳಿ ಮಾಡಿಸಿದ್ದು. ಉದ್ದ ಇರುವ ಎಡ ಟ್ಯೂಬನ್ನು ಕತ್ತರಿಸಿ, ಎರಡೂ ಕಡೆ ಗಿಡ್ಡ ಬಲಗಡೆ ಶಾಫ್ಟನ್ನೇ ಹಾಕಿದರೆ ಪಿನಿಯನ್ ನಡುವೆ ಬರುತ್ತೆ. ಫಾಕ್ಸ್‌ಗೆ ಇದನ್ನು ವೆಲ್ಡ್ ಮಾಡಿ ಕೂರಿಸುವ ಖರ್ಚಿನಲ್ಲಿ ಒಳ್ಳೆ ಮಸ್ಟಾಂಗ್ ಆಕ್ಸಲ್ ಬರುತ್ತೆ.

ಒಂಬತ್ತು ಇಂಚಿನ ಫೋರ್ಡ್ ಆಕ್ಸಲ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಅದು ಕಡಿಮೆ ದುಡ್ಡಿನ ಪಟ್ಟಿಗೆ ಬರಲ್ಲ. ಪಿನಿಯನ್ ಜಾಸ್ತಿ ಕೆಳಗಿರುವುದರಿಂದ ಹಲ್ಲುಗಳ ಉಜ್ಜಾಟವೂ ಜಾಸ್ತಿ, ಒಂದಿಷ್ಟು ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತೆ. ನೀವು ಕಾಲು ಮೈಲಿ ಓಡಿಸುವವರಾದರೆ ಒಂದು ನಿಯಮ ಗೊತ್ತಿರಲಿ: ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಪ್ರಕಾರ 10.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ ಬರೀ ಸಿ-ಕ್ಲಿಪ್ ನಡೆಯಲ್ಲ. ಶಾಫ್ಟ್ ಮುರಿದರೆ ಕ್ಲಿಪ್ ಒಳಗೇ ಉಳಿದು, ಚಕ್ರ ಶಾಫ್ಟ್ ಸಮೇತ ಹೊರಗೆ ಬರುತ್ತೆ ಅನ್ನುವುದೇ ಕಾರಣ.

ಗೇರ್ ಅನುಪಾತ: ಫಾಕ್ಸ್ ವಿ8 ಮ್ಯಾನ್ಯುಯಲ್ ಗಾಡಿಗೆ 2.73 ಅಥವಾ 3.08, ಆಟೋಮ್ಯಾಟಿಕ್‌ಗೆ 3.27 ಸಿಗುತ್ತಿತ್ತು. ಬಾಗಿಲ ಅಂಚಿನ ಸ್ಟಿಕರ್‌ನಲ್ಲಿ ಆಕ್ಸಲ್ ಕೋಡ್ ಇರುತ್ತೆ: ಎಂ ಅಂದರೆ 2.73, ಜೆಡ್ ಅಂದರೆ 3.08, ಇ ಅಂದರೆ 3.27, ಮೂರೂ ಟ್ರ್ಯಾಕ್ಷನ್-ಲಾಕ್. ಕವರ್ ಬೋಲ್ಟ್‌ಗೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ ಅಂಕಿಗಳ ನಡುವೆ ಎಲ್ ಅಕ್ಷರ ಇದ್ದರೆ ಲಿಮಿಟೆಡ್ ಸ್ಲಿಪ್. 3 ಎಲ್ 73 ಅಂದರೆ 3.73. ಚೀಟಿ ಇಲ್ಲದಿದ್ದರೆ ಹಲ್ಲು ಎಣಿಸಿ. 41 ಭಾಗಿಸು 15 ಅಂದರೆ 2.73, 36 ಭಾಗಿಸು 11 ಅಂದರೆ 3.27, 41 ಭಾಗಿಸು 11 ಅಂದರೆ 3.73.

ಎಲ್ಲರಿಗೂ 3.73 ಬೇಕು. ಐದನೇ ಗೇರ್ 0.68 ಇರುವ ಟಿ-5 ಗೇರ್‌ಬಾಕ್ಸ್, 225/60-15 ಟೈರ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಗಂಟೆಗೆ 65 ಮೈಲಿಯಲ್ಲಿ 2.73ಗೆ ಇಂಜಿನ್ ಸುಮಾರು 1,580 ಸುತ್ತು, 3.27ಗೆ ಸುಮಾರು 1,900, 3.73ಗೆ ಸುಮಾರು 2,160. ಹೈವೇಯಲ್ಲಿ ದಿನಾ ಓಡಾಡುವವರಿಗೂ 3.73 ಭಾರವಾಗಲ್ಲ. ಆದರೆ ಯಾರೂ ಬಿಚ್ಚದ 3.27 ಎದುರಿಗೆ ಸಿಕ್ಕರೆ, ಯಾರೋ ಕಟ್ಟಿದ 3.73 ಬಿಟ್ಟು ನಾನು ಅದನ್ನೇ ಎತ್ತಿಕೊಳ್ಳುತ್ತೇನೆ.

ಗುಜರಿಯಲ್ಲಿ ನಿಂತಾಗ

ಪಿನಿಯನ್ ಕೈಯಲ್ಲಿ ತಿರುಗಿಸಿ. ಒಂದೇ ಸಮ ನುಣ್ಣಗೆ ತಿರುಗಬೇಕು, ಕಡಕಡ ಅನ್ನಬಾರದು, ಒಳಗೆ ಹೊರಗೆ ಅಲ್ಲಾಡಬಾರದು. ಕವರ್ ಅಂಚಿನಲ್ಲಿ ಕೆಂಪೋ ನೀಲಿಯೋ ಅಂಟು ಉಕ್ಕಿ ಹರಡಿದ್ದರೆ ಯಾರೋ ಬಿಚ್ಚಿದ್ದಾರೆ, ಯಾಕೆ ಅಂತ ಕೇಳಿ. ನಡುವಿನ ಎರಕಕ್ಕೆ ಟ್ಯೂಬ್ ಸೇರುವ ಜಾಗ ಒದ್ದೆಯಾಗಿದ್ದರೆ ಟ್ಯೂಬ್ ಅಲ್ಲಾಡಿರಬಹುದು. ಗಾಡಿಗೆ ಹಿಂದಿನಿಂದ ಗುದ್ದು ಬಿದ್ದಿದ್ದರೆ ಆ ಆಕ್ಸಲ್ ಬೇಡವೇ ಬೇಡ. ಗುಜರಿಯವರು ಬಿಚ್ಚಲು ಬಿಟ್ಟರೆ ಕವರ್ ಬಿಚ್ಚಿ ನೋಡಿ, ಬಿಡದಿದ್ದರೆ ವಾಪಸ್ ತಗೊಳ್ಳುವ ಷರತ್ತು ಬರೆಸಿಕೊಳ್ಳಿ.

ಲಿಮಿಟೆಡ್ ಸ್ಲಿಪ್ ಬದುಕಿದೆಯಾ ಅಂತ ನೋಡಲು ಒಂದು ಕಡೆ ಹಿಡಿದು ಇನ್ನೊಂದು ಕಡೆ ಟಾರ್ಕ್ ವ್ರೆಂಚ್‌ನಿಂದ ತಿರುಗಿಸಿ. 20 ಪೌಂಡ್-ಅಡಿಗಿಂತ ಕಡಿಮೆಗೇ ಜಾರಿದರೆ ಪ್ಲೇಟ್ ಸವೆದಿವೆ. ಅದು ಆಕ್ಸಲ್ ಬಿಟ್ಟು ಬರಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ. ಪ್ಲೇಟ್ ಸೆಟ್ ಸಿಗುತ್ತೆ, ಕ್ರೌನ್-ಪಿನಿಯನ್ ಹೊಂದಾಣಿಕೆ ಕದಲಿಸದೆಯೇ ಹಾಕಬಹುದು.

ಬರುವಾಗ ಬ್ರೇಕ್ ಪೈಪು, ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್, ಗಾಳಿ ಪೈಪು, ಫ್ಲ್ಯಾಂಜ್‌ನ ನಾಲ್ಕು ಬೋಲ್ಟ್ ಎಲ್ಲ ಜೊತೆಗೇ ಬರಲಿ. ಆ ಬೋಲ್ಟ್‌ಗಳು 12 ಎಂಎಂ, ಹನ್ನೆರಡು ಮೂಲೆಯವು, ಸಾಕೆಟ್ ಮನೆಯಲ್ಲಿ ಬಿಟ್ಟು ಹೋದರೆ ಆ ದಿನ ಹೋದ ಹಾಗೇ.

ಹಾಕುವಾಗ

ಗಾಡಿ ಕೆಳಗೆ ಹೋಗುವ ಮುಂಚೆಯೇ ಸೀಲ್, ಚಕ್ರದ ಬೇರಿಂಗ್, ಮೇಲಿನ ಕಿವಿಯ ಬುಶ್ ಬದಲಾಯಿಸಿ. ನೆಲದ ಮೇಲೆ ಅರ್ಧ ದಿನದ ಕೆಲಸ, ಮಲಗಿಕೊಂಡು ಮಾಡಿದರೆ ಎರಡು ದಿನ. ಪಿನಿಯನ್ ನಟ್ ಮುಟ್ಟಬೇಡಿ. ಕಂಟ್ರೋಲ್ ಆರ್ಮ್ ಬೋಲ್ಟ್‌ಗಳನ್ನು ಗಾಡಿಯ ಭಾರ ಆಕ್ಸಲ್ ಮೇಲೆ ಕೂತ ಮೇಲೇ ಪೂರ್ತಿ ಬಿಗಿಯಿರಿ, ನೇತಾಡುವಾಗ ಬಿಗಿದರೆ ರಬ್ಬರ್ ಬುಶ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಎಣ್ಣೆ ತುಂಬುವ ರಂಧ್ರದ ಅಂಚಿನವರೆಗೆ ಹಾಕಿ, ಫ್ರಿಕ್ಷನ್ ಮಾಡಿಫೈಯರ್ ಮರೆಯಬೇಡಿ.

ಅನುಪಾತ ಬದಲಾಗಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ. 2.73 ತೆಗೆದು 3.73 ಹಾಕಿದವರಿಗೆ ಮುಳ್ಳು ನಿಜಕ್ಕಿಂತ ಮೂರನೇ ಒಂದು ಭಾಗಕ್ಕೂ ಮಿಗಿಲು ಜಾಸ್ತಿ ತೋರಿಸುತ್ತೆ, ಗೇರ್‌ಬಾಕ್ಸ್‌ನಲ್ಲಿರುವ ಪ್ಲಾಸ್ಟಿಕ್ ಗೇರ್ ಬದಲಾಯಿಸಬೇಕು. ಮೊದಲ ಓಟ ಮುಗಿಸಿ ಬಂದು ಹೌಸಿಂಗ್ ಮೇಲೆ ಕೈ ಹತ್ತಿರ ಹಿಡಿಯಿರಿ. ಬೆಚ್ಚಗಿರುವುದು ಸರಿ, ಪಿನಿಯನ್ ಮೂತಿಯ ಹತ್ತಿರ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ, ಮತ್ತೆ ಓಡಿಸುವ ಮುಂಚೆ ಕಾರಣ ಹುಡುಕಿ. ಎರಡನೇ ದಿನ ಫ್ಲ್ಯಾಂಜ್ ಬೋಲ್ಟ್ ಮತ್ತು ಕಂಟ್ರೋಲ್ ಆರ್ಮ್ ಬೋಲ್ಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಹಾಕಿ ನೋಡಿ.